ಮುಂಗಡವೂ ಕೈಗಡವೂ: ಗುಳೆ ಹೋಗುವ ಕಾಯಕಜೀವಿಗಳ ಕುರಿತು

ಹನ್ನೆರಡನೆಯ ಶತಮಾನದ ಕಲ್ಯಾಣವು ಊರು ಬಿಟ್ಟು ಬಂದವರಿಂದ ತುಂಬಿದ ಪಟ್ಟಣವಾಗಿತ್ತು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ಅಲ್ಲಿಗೆ ಬಂದರು. ದೂರದ ಕಾಶ್ಮೀರದ ಅರಸೊತ್ತಿಗೆಯನ್ನೇ ತೊರೆದು ಬಂದು, ಕಾಡಿನ ಕಟ್ಟಿಗೆಯ ಹೊರೆಯನ್ನು ಮಾರಿ ಬದುಕಿದವರು ಮೋಳಿಗೆಯ ಮಾರಯ್ಯನವರು ಎಂದು ಶರಣ ಪರಂಪರೆ ಹೇಳುತ್ತದೆ. ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು, ಹೀಗೆ ಎಷ್ಟೋ ಶರಣರಿಗೆ ಹುಟ್ಟಿದ ಊರು ಒಂದಾದರೆ ಕಾಯಕದ ಊರು ಮತ್ತೊಂದು. ಸ್ವತಃ ಬಸವಣ್ಣನವರೂ ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಮಂಗಳವೇಢೆಯ ಮಾರ್ಗವಾಗಿ ಕಲ್ಯಾಣವನ್ನು ಸೇರಿದವರು. ಆದಕಾರಣ ಹೊಟ್ಟೆಪಾಡಿಗಾಗಿ ಊರು ಬಿಡುವವನನ್ನು ಹಗುರವಾಗಿ ಕಾಣುವ ಮನೋಭಾವಕ್ಕೆ ಶರಣಮಾರ್ಗದಲ್ಲಿ ಎಡೆಯಿಲ್ಲ.

ಆ ಕಲ್ಯಾಣಕ್ಕೂ ಇಂದಿನ ಕಮಲಾಪುರಕ್ಕೂ ಬಹಳ ದೂರವಿಲ್ಲ. ಆದರೆ ಅಂದು ಜನ ಈ ಸೀಮೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಇಂದು ಈ ಸೀಮೆಯ ಜನರೇ ಗಂಟು ಕಟ್ಟಿಕೊಂಡು ಹೊರಗೆ ಹೋಗುತ್ತಾರೆ. ಕಮಲಾಪುರ ತಾಲ್ಲೂಕಿನ ಹಳ್ಳಿಗಳಿಂದ, ಗುಡ್ಡದ ಅಂಚಿನ ತಾಂಡಾಗಳಿಂದ ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋಗುವ ಈ ನಡೆಗೆ ಕಲಬುರಗಿ ಸೀಮೆಯಲ್ಲಿ ‘ಗುಳೆ’ ಎಂಬ ಹೆಸರಿದೆ. ಪ್ರತಿ ವರ್ಷ ಸಾವಿರಾರು ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಹೋಗಬೇಕೇ, ಇರಬೇಕೇ?

ಈ ಪ್ರಶ್ನೆಗೆ ಎರಡು ಬಗೆಯ ಉಪದೇಶಗಳು ಸುಲಭವಾಗಿ ದೊರೆಯುತ್ತವೆ. ಭೂಮಿತಾಯಿಯನ್ನು ಬಿಟ್ಟು ಹೋಗಬಾರದು, ಊರಿನಲ್ಲಿಯೇ ಇದ್ದು ದುಡಿದು ಉಣ್ಣಬೇಕು ಎಂಬುದು ಒಂದು. ಹಳ್ಳಿಯಲ್ಲಿ ಇನ್ನು ಏನೂ ಉಳಿದಿಲ್ಲ, ಬುದ್ಧಿಯಿದ್ದವನು ಪಟ್ಟಣ ಸೇರಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಹೆಚ್ಚಾಗಿ ಹೇಳುವವರು ಭೂಮಿಯುಳ್ಳವರು. ಎರಡನೆಯದನ್ನು ಹೇಳುವವರು ಪಟ್ಟಣದಲ್ಲಿ ಆಗಲೇ ನೆಲೆ ಕಂಡವರು. ಎರಡರಲ್ಲಿಯೂ ದುಡಿಯುವವನ ಮನೆಯ ಮಾತು ಕೇಳಿಸುವುದಿಲ್ಲ. ಹೋಗುವುದೂ ಇರುವುದೂ ತಮ್ಮಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಹೋಗುವವನು ಸ್ವತಂತ್ರನಾಗಿ ಹೋಗುತ್ತಾನೆಯೇ, ಅಥವಾ ತನ್ನ ಮುಂದಿನ ಆರು ತಿಂಗಳ ದುಡಿಮೆಯನ್ನು ಮೊದಲೇ ಒತ್ತೆಯಿಟ್ಟು ಹೋಗುತ್ತಾನೆಯೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಗುಳೆಗೆ ಕಾರಣಗಳನ್ನು ಮೊದಲು ಸ್ಥಿರಚಿತ್ತದಿಂದ ನೋಡಬೇಕು. ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದು ಹೆಸರಾದುದು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ತೊಗರಿಯು ಬಹುಪಾಲು ಮಳೆಯನ್ನೇ ನಂಬಿದ ಬೆಳೆ. ಮುಂಗಾರಿನಲ್ಲಿ ಬಿತ್ತಿದರೆ ಕೈಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಬಿತ್ತನೆ, ಕಳೆ, ರಾಶಿ ಇವುಗಳ ದಿನಗಳನ್ನು ಬಿಟ್ಟರೆ ಭೂಹೀನರಿಗೆ ಊರಿನಲ್ಲಿ ಕೂಲಿ ವಿರಳ. ಮಳೆ ಕೈಕೊಟ್ಟ ವರ್ಷ ಆ ದಿನಗಳೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. 2025ರಲ್ಲಿ ಇದಕ್ಕೆ ವಿರುದ್ಧವಾಗಿ ಅತಿವೃಷ್ಟಿಯೂ ಭೀಮೆಯ ಪ್ರವಾಹವೂ ಜಿಲ್ಲೆಯ ಬೆಳೆಯನ್ನು ಹಾಳುಗೆಡವಿದವು. ಒಣಗಿದರೂ ಕೊಳೆತರೂ ಕೂಲಿಯವನ ಪಾಲಿಗೆ ಫಲ ಒಂದೇ. ಬೆಳೆ ಹಾನಿಯ ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಆ ಹೊಲದಲ್ಲಿ ಕಳೆ ಕೀಳಬೇಕಾಗಿದ್ದ ಕೈಗಳಿಗೆ ಬರುವುದಿಲ್ಲ.

ಕಮಲಾಪುರದ ಕೆಂಪು ಬಾಳೆಯ ಹೆಸರನ್ನು ಕೇಳದವರಿಲ್ಲ. ಬೇರೆ ತಳಿಗಳು ಸುಮಾರು ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಈ ಬಾಳೆಗೆ ಸುಮಾರು ಹದಿನೆಂಟು ತಿಂಗಳು ಬೇಕು. ನೀರೂ ಬಂಡವಾಳವೂ ಉಳ್ಳವನು ಹದಿನೆಂಟು ತಿಂಗಳು ಕಾಯಬಲ್ಲ. ಅದೇ ತೋಟದ ಬದುವಿನ ಮೇಲೆ ನಿಂತ ಕೂಲಿಕಾರನಿಗೆ ಹದಿನೆಂಟು ದಿನ ಕಾಯುವ ಶಕ್ತಿಯೂ ಇರುವುದಿಲ್ಲ. ಬಡತನವೆಂದರೆ ಹಣದ ಕೊರತೆಯಷ್ಟೇ ಅಲ್ಲ, ಕಾಯುವ ಶಕ್ತಿಯ ಕೊರತೆಯೂ ಹೌದು. ಗುಳೆಯ ಮರ್ಮವೆಲ್ಲ ಈ ಒಂದು ಸಂಗತಿಯಲ್ಲಿದೆ.

ಪುಣೆ, ಮುಂಬಯಿಗಳ ಕಡೆಗೇ ಜನ ಹೆಚ್ಚು ಹೋಗುವುದೇಕೆ ಎಂದು ಕೆಲವರು ಕೇಳುವುದುಂಟು. 1956ರ ನವೆಂಬರ್ 1ರವರೆಗೆ ಈ ನಾಡು ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಮುಂಬಯಿ-ಮದ್ರಾಸ್ ರೈಲುಮಾರ್ಗ ಕಲಬುರಗಿಯ ಮೂಲಕವೇ ಹಾದುಹೋಗುತ್ತದೆ. ಹೈದರಾಬಾದೂ ಪುಣೆಯೂ ಬೆಂಗಳೂರಿಗಿಂತ ಹತ್ತಿರ. ಹಳೆಯ ನಂಟು, ರೈಲಿನ ಅನುಕೂಲ, ಮೊದಲೇ ಹೋದ ಬಂಧುಬಳಗ, ಈ ಮೂರೂ ಸೇರಿ ದಾರಿಯನ್ನು ನಿಶ್ಚಯಿಸುತ್ತವೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಈ ಭಾಗದ ಓದಿದ ಮಕ್ಕಳಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿಯನ್ನು ತಂದಿತು. ಅದು ದೊಡ್ಡ ಉಪಕಾರ. ಆದರೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಈ ಜಿಲ್ಲೆಯದು ಶೇ. 64.85 ಮಾತ್ರ ಇತ್ತು. ಶಾಲೆಯ ಮೆಟ್ಟಿಲನ್ನೇ ಅರ್ಧಕ್ಕೆ ಬಿಟ್ಟವನಿಗೆ ನೌಕರಿಯ ಮೀಸಲಾತಿ ದೂರದ ಮಾತು.

ಊರು ಬಿಡುವುದರಲ್ಲಿ ಬಿಡುಗಡೆಯೂ ಉಂಟೆಂಬುದನ್ನು ಒಪ್ಪಿಕೊಳ್ಳಬೇಕು. ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಹಳ್ಳಿಯನ್ನು ಆದರ್ಶವೆಂದು ಹೊಗಳುವವರನ್ನು ಕಟುವಾಗಿ ಪ್ರಶ್ನಿಸಿದರು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನಿಗೆ ಹಳ್ಳಿಯ ನೆನಪು ಬೇರೆಯಾಗಿರುತ್ತದೆ. ಪಟ್ಟಣದ ಕೆಲಸದ ಜಾಗದಲ್ಲಿ ಇಟ್ಟಿಗೆ ಹೊರುವಾಗ ಯಾವ ಕೇರಿಯವನೆಂದು ಕೇಳುವವರು ಕಡಿಮೆ. ಸಂಜೆ ಎಣಿಸಿಕೊಂಡ ಕೂಲಿಯಲ್ಲಿ ಗೌಡರ ಹಂಗಿಲ್ಲ. ಗುಳೆಯ ಹಣದಿಂದಲೇ ಪಕ್ಕಾ ಮನೆ ಕಟ್ಟಿದವರು, ಮಗಳನ್ನು ಕಾಲೇಜಿಗೆ ಕಳುಹಿಸಿದವರು ಅನೇಕ ತಾಂಡಾಗಳಲ್ಲಿದ್ದಾರೆ. ಕಲ್ಯಾಣಕ್ಕೆ ಜನ ಬಂದುದೂ ಕಾಯಕಕ್ಕಾಗಿ ಮಾತ್ರವಲ್ಲ, ಹುಟ್ಟಿನಿಂದ ಅಳೆಯದ ಒಂದು ಸಮಾಜಕ್ಕಾಗಿ. ಆದ್ದರಿಂದ ಭೂಮಿತಾಯಿಯ ಹೆಸರು ಹೇಳಿ ಭೂಮಿಯಿಲ್ಲದವನನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಕೇಡು ಎಲ್ಲಿದೆ? ಅದು ಮುಂಗಡದಲ್ಲಿದೆ. ದಸರೆ, ದೀಪಾವಳಿಯ ಹೊತ್ತಿಗೆ, ಸಂಗ್ರಹದ ಜೋಳ ಮುಗಿದು, ಅಂಗಡಿಯ ಬಾಕಿ ಬೆಳೆದು, ಮದುವೆಯ ಸಾಲವೋ ಆಸ್ಪತ್ರೆಯ ಸಾಲವೋ ಬಾಗಿಲಿಗೆ ಬಂದು ನಿಂತಾಗ ಮುಕಾದಮನು ಬರುತ್ತಾನೆ. ಕೈಯಲ್ಲಿ ಹಣ ಇಡುತ್ತಾನೆ. ಕಾಗದವಿಲ್ಲ, ಜಾಮೀನಿಲ್ಲ, ಜಾಮೀನು ಎಂದರೆ ಆ ಮನೆಯವರ ಮೈಯೇ. ಅಂದಿನಿಂದ ಎಲ್ಲಿ ಕೆಲಸ, ಎಷ್ಟು ಹೊತ್ತು, ಯಾವ ದರ, ಎಂದು ಬಿಡುಗಡೆ ಎಂಬುದನ್ನೆಲ್ಲ ಹಣ ಕೊಟ್ಟವನು ನಿರ್ಧರಿಸುತ್ತಾನೆ. ಲೆಕ್ಕ ಮುಕಾದಮನ ಪುಸ್ತಕದಲ್ಲಿ. ಓದು ಬಾರದವನಿಗೆ ಆ ಪುಸ್ತಕ ಕತ್ತಲೆಯ ಕೋಣೆ. ಋತು ಮುಗಿದಾಗ ಬಾಕಿ ಉಳಿದರೆ ಮುಂದಿನ ವರ್ಷವೂ ಅವನ ಹಿಂದೆಯೇ ಹೋಗಬೇಕು. ಹೀಗೆ ಹೋಗುವವನು ‘ಹೋಗಬೇಕೇ, ಇರಬೇಕೇ’ ಎಂಬ ನಿರ್ಧಾರ ಮಾಡಿದ್ದಾನೆ ಎನ್ನಲು ಬರುವುದಿಲ್ಲ. ಆ ನಿರ್ಧಾರ ಹಣ ಪಡೆದ ದಿನವೇ ಅವನ ಕೈತಪ್ಪಿ ಹೋಗಿದೆ.

ಮಹಾರಾಷ್ಟ್ರದ ಕಬ್ಬಿನ ಗದ್ದೆಗಳ ರೂಢಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಗಂಡ-ಹೆಂಡತಿಯ ಜೋಡಿಯನ್ನು ಸೇರಿಸಿ ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಮಚ್ಚು. ಇಬ್ಬರು ಮನುಷ್ಯರು ಒಂದು ಮಚ್ಚಾಗುತ್ತಾರೆ. ಮುಂಗಡ ಗಂಡನ ಕೈಗೆ ಬರುತ್ತದೆ. ದುಡಿಮೆ ಇಬ್ಬರ ಮೈಯಿಂದ ಹೋಗುತ್ತದೆ. ಹೆಣ್ಣುಮಗಳು ಬಸುರಿಯೇ, ಬಾಣಂತಿಯೇ, ಮೈ ಸರಿಯಿದೆಯೇ ಎಂಬುದನ್ನು ಆ ಎಣಿಕೆಯು ಕೇಳುವುದಿಲ್ಲ. ಹೋಗುವ ನಿರ್ಧಾರದಲ್ಲಿ ಅವಳ ಮಾತನ್ನು ಕೇಳದ ಮನೆಯು ಅರ್ಧ ಕುರುಡಾದ ಮನೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನೆಯಬೇಕು. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಬೇಕೆಂದು ಲಕ್ಕಮ್ಮನವರು ಗಂಡನಿಗೆ ತಿಳಿಹೇಳಿದರು. ಈ ಪ್ರಸಂಗವನ್ನು ಬಡವರಿಗೆ ಅಲ್ಪತೃಪ್ತಿಯ ಪಾಠವಾಗಿ ಹೇಳುವ ರೂಢಿಯುಂಟು. ಅದು ಪ್ರಸಂಗದ ಅರ್ಧ ಅರ್ಥವೂ ಅಲ್ಲ. ಎಷ್ಟು ಸಾಕು ಎಂಬುದನ್ನು ಅಲ್ಲಿ ನಿರ್ಧರಿಸಿದವರು ದುಡಿಯುವ ಮನೆಯವರೇ. ಅದರಲ್ಲಿಯೂ ಆ ಮನೆಯ ಹೆಣ್ಣುಮಗಳು. ಮಹಾಮನೆಯ ಹಂಗಿಗೂ ಅವರು ಒಳಗಾಗಲಿಲ್ಲ. ದುಡಿಯದೆ ಬಂದ ಹೆಚ್ಚಿನ ಅಕ್ಕಿಯ ಹಿಂದೆ ಋಣವೊಂದು ಇರುತ್ತದೆ, ಆ ಋಣವು ಕಾಯಕದ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂಬ ಎಚ್ಚರ ಆ ತಾಯಿಯಲ್ಲಿತ್ತು. ಮುಂಗಡವೆಂದರೆ ದುಡಿಯುವ ಮೊದಲೇ ಅಂಗಳದಲ್ಲಿ ಸುರಿದ ಅಕ್ಕಿ. ಲಕ್ಕಮ್ಮನವರ ಎಚ್ಚರವು ಇಂದು ಪ್ರತಿ ಮನೆಯಲ್ಲಿಯೂ ಬೇಕಾಗಿದೆ. ಆದರೆ ಹಸಿದ ಮಕ್ಕಳ ಮುಂದೆ ಎಚ್ಚರ ಒಂದೇ ಸಾಲದು.

ದೇಶದ ಕಾನೂನು ಕೂಡ ಇದನ್ನು ಅರಿತಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯು ಜೀತದ ಸಾಲವನ್ನು ತೀರಿಸುವ ಹೊಣೆಯನ್ನೇ ಅಳಿಸಿಹಾಕಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿಯ ಪ್ರಕಾರ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸಬೇಕೆಂದು 1983ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ತೀರ್ಪಿತ್ತಿತು. ಕಾನೂನು ಕಾಗದದಲ್ಲಿ ಗಟ್ಟಿಯಾಗಿಯೇ ಇದೆ. ಅದನ್ನು ಪರದೇಶದ ಗದ್ದೆಯಲ್ಲಿ ನಿಂತ, ಭಾಷೆ ಬಾರದ ಕೂಲಿಯವನು ಒಬ್ಬನೇ ಎತ್ತಿ ಹಿಡಿಯಲಾರ.

ಉದ್ಯೋಗ ಖಾತರಿ ಇರುವಾಗ ಮುಂಗಡವೇಕೆ ಎಂದು ಕೇಳುವವರಿದ್ದಾರೆ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು 2006ರಲ್ಲಿ ಮೊದಲ ಹಂತದಲ್ಲಿಯೇ ಈ ಜಿಲ್ಲೆಗೆ ಬಂದು, ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ಕೊಟ್ಟಿತು. ಅದರ ಕೆರೆ ಹೂಳೆತ್ತುವ, ಬದು ಹಾಕುವ ಕೆಲಸಗಳು ಎಷ್ಟೋ ಮನೆಗಳನ್ನು ಬೇಸಿಗೆಯಲ್ಲಿ ಕಾಪಾಡಿದವು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದು 125 ದಿನಗಳನ್ನು ಹೇಳುತ್ತದೆ, ಜೊತೆಗೆ ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಈ ಕೆಲಸಗಳನ್ನು ನಿಲ್ಲಿಸಲೂ ಅವಕಾಶ ಮಾಡಿದೆ. ದಿನಗಳ ಸಂಖ್ಯೆ ಮುಖ್ಯವೇ. ಅದಕ್ಕಿಂತ ಮುಖ್ಯವಾದುದು ಹಣ ಕೈಸೇರುವ ವೇಳೆ. ಸರ್ಕಾರದ ಕೂಲಿ ದುಡಿದ ಮೇಲೆ, ಅಳತೆಯಾದ ಮೇಲೆ, ಬ್ಯಾಂಕಿನ ದಾರಿಯಾಗಿ ಬರುತ್ತದೆ. ಮುಕಾದಮನ ಹಣ ಕೇಳಿದ ದಿನವೇ ಬರುತ್ತದೆ. ಮುಂಗಡವು ಗೆಲ್ಲುವುದು ಮೊತ್ತದಿಂದಲ್ಲ, ಸಮಯದಿಂದ.

ಹೊರಡುವ ಮೊದಲು ಮನೆಯವರೆಲ್ಲರೂ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು. ತಿಳಿವಿಗಾಗಿ ಒಂದು ಊಹೆಯ ಲೆಕ್ಕವನ್ನು ನೋಡಬಹುದು. ಪಟ್ಟಣದಲ್ಲಿ ದಿನಕ್ಕೆ 800 ರೂಪಾಯಿ ಎಂದರೆ ತಿಂಗಳಿಗೆ 24,000 ಎಂದು ಕರೆಯಬಂದವನು ಹೇಳುತ್ತಾನೆ. ಕೆಲಸ 20 ದಿನ ಸಿಕ್ಕರೆ ಬರುವುದು 16,000. ಬಾಡಿಗೆಗೆ 3,500, ಊಟಕ್ಕೆ 5,000, ಓಡಾಟ, ಔಷಧಿ, ಫೋನಿಗೆ 2,000 ಕಳೆದರೆ ಉಳಿಯುವುದು 5,500. ಊರಿನಲ್ಲಿ 400 ರೂಪಾಯಿಯಂತೆ 15 ದಿನ ದುಡಿದರೆ 6,000. ಊಟದ ಖರ್ಚು 3,000 ಕಳೆದರೆ ಉಳಿಯುವುದು 3,000. ಅಂದರೆ ಅಂತರವು ಕೂಲಿಯ ದರದಲ್ಲಿ ಕಾಣುವಷ್ಟು ದೊಡ್ಡದಲ್ಲ. ಆದರೆ ಊರಿನಲ್ಲಿ ತಿಂಗಳಿಗೆ ನಾಲ್ಕೇ ದಿನ ಕೆಲಸವಿದ್ದಾಗ ಬರುವ 1,600 ರೂಪಾಯಿ ಊಟಕ್ಕೂ ಸಾಲದು. ಆಗ ಹೋಗುವುದೇ ವಿವೇಕ. ಈ ಲೆಕ್ಕದಿಂದ ತಿಳಿಯುವುದು ಇಷ್ಟು: ಹೋಗಬೇಕೇ ಎಂಬ ಒಂದು ಪ್ರಶ್ನೆಯ ಒಳಗೆ ಯಾವ ತಿಂಗಳು, ಯಾರು ಯಾರು, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳಿವೆ. ಮುಂಗಡ ಪಡೆದವನು ಈ ಮೂರನ್ನೂ ಕೇಳಲಾರ.

ಹೋಗುವುದು, ಇರುವುದು ಇವೆರಡರ ನಡುವೆ ಇನ್ನೊಂದು ದಾರಿಯೂ ಇದೆ. ಕಮಲಾಪುರದಿಂದ ಕಲಬುರಗಿ ನಗರಕ್ಕೆ ಹುಮನಾಬಾದ್ ರಸ್ತೆಯಲ್ಲಿ ಬಸ್ಸಿನ ಪಯಣ ದೀರ್ಘವಾದುದಲ್ಲ. 2017ರ ಅಕ್ಟೋಬರಿನಲ್ಲಿ ಆರಂಭವಾದ ಬೀದರ್-ಕಲಬುರಗಿ ರೈಲುಮಾರ್ಗವೂ ಕಮಲಾಪುರವನ್ನು ಹಾದುಹೋಗುತ್ತದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯು ಹೆಣ್ಣುಮಕ್ಕಳ ಬಸ್ ಖರ್ಚನ್ನು ಇಲ್ಲವಾಗಿಸಿತು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಗರಕ್ಕೆ ಹೋಗಿ, ಸಂಜೆ ಮಕ್ಕಳ ಬಳಿಗೆ ಮರಳುವ ತಾಯಂದಿರಿಗೆ ಇದು ದೊಡ್ಡ ಆಸರೆ. ನಗರದಲ್ಲಿ ದಾಲ್ ಮಿಲ್ಲುಗಳಿವೆ, ಗಂಜಿನಲ್ಲಿ ಹಮಾಲಿಯಿದೆ, ಎಲ್ಲೆಡೆ ಕಟ್ಟಡಗಳು ಏಳುತ್ತಿವೆ. ಆದರೆ ನಾಕಾದಲ್ಲಿ ಬುತ್ತಿಯ ಗಂಟು ಹಿಡಿದು ನಿಂತವರಲ್ಲಿ ಎಲ್ಲರಿಗೂ ಕೆಲಸ ಸಿಗುವುದಿಲ್ಲ. ಹತ್ತು ಗಂಟೆಯಾದರೂ ಕರೆಯುವವರಿಲ್ಲದೆ ಹಿಂದಿರುಗುವವರೂ ಉಂಟು. ಒಂದು ಕಾಲಕ್ಕೆ ನಗರದ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಎಂ.ಎಸ್.ಕೆ. ಮಿಲ್ಲು ಮುಚ್ಚಿ ದಶಕಗಳಾದವು. ಕಲಬುರಗಿಗೆ 2023ರ ಮಾರ್ಚಿನಲ್ಲಿ ಬೃಹತ್ ಜವಳಿ ಪಾರ್ಕು ಘೋಷಣೆಯಾಯಿತು. ಇಂತಹ ಉದ್ಯಮಗಳು ಕಮಲಾಪುರದ ಕೈಗಳಿಗೆ ತಿಂಗಳ ಸಂಬಳ ಕೊಡುವಂತಾದಾಗ ಪುಣೆಯ ರೈಲಿನಲ್ಲಿ ಜನ ತಾನಾಗಿಯೇ ಕಡಿಮೆಯಾದಾರು.

ಮಕ್ಕಳ ವಿಷಯದಲ್ಲಿ ಮಾತ್ರ ಲೆಕ್ಕವೇ ಬೇರೆ. ದೀಪಾವಳಿಯ ನಂತರ ತಂದೆತಾಯಿಯ ಜೊತೆ ಹೊರಟ ಮಗು ಯುಗಾದಿಗೆ ಮರಳಿದಾಗ ಶಾಲೆಯ ವರ್ಷವೇ ಕಳೆದುಹೋಗಿರುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಆ ಮಗು ಶಾಲೆಗಲ್ಲ, ಕೆಲಸಕ್ಕೇ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಕೊಡಲೇಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸುವಂತಿಲ್ಲ. ಆದರೆ ಕನ್ನಡದ ಮಗುವಿಗೆ ಮರಾಠಿ ಶಾಲೆಯಲ್ಲಿ ಪ್ರವೇಶ ಸಿಕ್ಕರೂ ಪಾಠ ದಕ್ಕುವುದಿಲ್ಲ. ಊರಿನಲ್ಲಿಯೇ ಮಗುವನ್ನು ಬಿಟ್ಟು ಹೋಗಲು ಒಂದು ನಂಬಿಕೆಯ ಜಾಗ ಬೇಕು. ತುಮಕೂರಿನ ಸಿದ್ಧಗಂಗೆಯಿಂದ ಹಿಡಿದು ನಾಡಿನ ಅನೇಕ ಲಿಂಗಾಯತ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ಕಟ್ಟಿ ಬಡ ಮಕ್ಕಳನ್ನು ಓದಿಸಿದವು. ಆ ದಾಸೋಹವು ಇಂದು ಗುಳೆ ಹೋಗುವವರ ಮಕ್ಕಳನ್ನು, ಜಾತಿಯನ್ನು ಕೇಳದೆ, ಆರು ತಿಂಗಳ ಮಟ್ಟಿಗಾದರೂ ಒಳಗೆ ಕರೆದುಕೊಳ್ಳಬೇಕು. ಇದಕ್ಕಿಂತ ದೊಡ್ಡ ಪೂಜೆ ಬೇರೊಂದಿಲ್ಲ.

2020ರ ಲಾಕ್‌ಡೌನ್ ಕಲಿಸಿದ ಪಾಠವನ್ನು ಮರೆಯಲಾಗದು. ಆ ವರ್ಷದ ಮಾರ್ಚಿನಲ್ಲಿ ರೈಲು, ಬಸ್ಸು ಎಲ್ಲವೂ ನಿಂತಾಗ ಪಟ್ಟಣದಲ್ಲಿದ್ದವರಿಗೆ ಕೆಲಸವೂ ಇಲ್ಲ, ಊರಿನ ದಾರಿಯೂ ಇಲ್ಲವಾಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರು ಕಲಬುರಗಿ ಜಿಲ್ಲೆಯ ಶಾಲೆ, ವಸತಿ ನಿಲಯಗಳಲ್ಲಿ ಕ್ವಾರಂಟೈನ್ ಕಳೆದರು. ಅದೇ ಮೇ 5ರಂದು ಕಟ್ಟಡ ನಿರ್ಮಾಣ ಉದ್ಯಮಿಗಳ ಸಭೆಯ ನಂತರ ರಾಜ್ಯ ಸರ್ಕಾರವು ಹೊರರಾಜ್ಯಗಳ ಕಾರ್ಮಿಕರಿಗಾಗಿ ಕೇಳಿದ್ದ ರೈಲುಗಳ ಬೇಡಿಕೆಯನ್ನು ಹಿಂತೆಗೆದುಕೊಂಡಿತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಒಪ್ಪಿತು. ದುಡಿಯುವವನು ಬರಬೇಕು, ಆದರೆ ತನ್ನ ಇಚ್ಛೆಯಂತೆ ಮರಳಬಾರದು ಎಂಬ ಭಾವನೆಯು ಮುಕಾದಮನಲ್ಲಿ ಮಾತ್ರವಿಲ್ಲ ಎಂಬುದು ಆ ದಿನಗಳಲ್ಲಿ ಕಂಡಿತು. ಹೋಗುವ ಸ್ವಾತಂತ್ರ್ಯದಷ್ಟೇ ಮರಳುವ ಸ್ವಾತಂತ್ರ್ಯವೂ ಕಾಯಕದ ಘನತೆಗೆ ಅವಶ್ಯ.

ಇಷ್ಟೆಲ್ಲ ಆಲೋಚಿಸಿದ ಮೇಲೂ ಹೋಗಲೇಬೇಕಾದವರು ಕೆಲವು ಸಂಗತಿಗಳನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗಬೇಕು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಿಂದ, ಹೋದವರು ತಮ್ಮ ಪಾಲನ್ನು ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ, ಉಳಿದವರು ತಮ್ಮ ಪಾಲನ್ನು ಊರಿನಲ್ಲಿಯೂ ಪಡೆಯಬಹುದು. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದ, 18ರಿಂದ 60 ವಯಸ್ಸಿನವರು ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯೂ ಇದೆ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯ ಜಾಗದಲ್ಲಿ, 2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಪ್ರತಿದಿನದ ಹಾಜರಿಯನ್ನೂ ಪಡೆದ ಹಣವನ್ನೂ ಒಂದು ಚಿಕ್ಕ ಪುಸ್ತಕದಲ್ಲಿ ತಾವೇ ಬರೆದಿಡಬೇಕು. ಬರೆಯಲು ಬಾರದಿದ್ದರೆ ಓದುವ ಮಕ್ಕಳಿಂದ ಬರೆಸಬೇಕು. ಬರೆದಿಟ್ಟ ಲೆಕ್ಕಕ್ಕೆ ಇರುವ ಬಲ ಬಾಯಿಮಾತಿಗೆ ಇಲ್ಲ.

ಕೊನೆಯ ಮಾತು ಗುಳೆ ಹೋಗದವರಿಗೆ ಸಂಬಂಧಿಸಿದುದು. ಮಠದ ಭಕ್ತರಲ್ಲಿ ಹೊಲವುಳ್ಳವರಿದ್ದಾರೆ, ದಾಲ್ ಮಿಲ್ಲಿನ ಮಾಲೀಕರಿದ್ದಾರೆ, ಗುತ್ತಿಗೆದಾರರಿದ್ದಾರೆ, ನಗರದಲ್ಲಿ ಮನೆ ಕಟ್ಟಿಸುವವರಿದ್ದಾರೆ. ಪ್ರತಿದಿನ ಇಷ್ಟಲಿಂಗ ಪೂಜೆ ಮಾಡಿ, ಹಣೆಗೆ ವಿಭೂತಿ ಧರಿಸಿ, ಸಂಜೆ ಕೂಲಿಯನ್ನು ನಾಳೆಗೆ ತಳ್ಳಿದರೆ ಆ ಪೂಜೆ ಎಲ್ಲಿಗೆ ಮುಟ್ಟೀತು? ದುಡಿದ ದಿನವೇ ಪೂರ್ಣ ಕೂಲಿ, ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ, ಇವು ದಾನವಲ್ಲ, ಕೊಡಬೇಕಾದ ಋಣ. ಕೂಲಿಗೆ ಜನ ಸಿಗುತ್ತಿಲ್ಲವೆಂದು ರಾಶಿಯ ಕಾಲದಲ್ಲಿ ಪೇಚಾಡುವವರು, ಆಷಾಢದಲ್ಲಿ ಅದೇ ಜನ ಕೈಗಡ ಕೇಳಲು ಬಂದಾಗ ಬಾಗಿಲು ಹಾಕಿದ್ದೇಕೆಂದು ಯೋಚಿಸಬೇಕು.

ಮುಂಗಡಕ್ಕೆ ಮದ್ದು ಕೈಗಡವೇ. ಬಡ್ಡಿಯಿಲ್ಲದೆ, ಬರಹವಿಲ್ಲದೆ, ನೆರೆಮನೆಯವರು ಪರಸ್ಪರ ನಂಬಿಕೆಯ ಮೇಲೆ ಕೊಟ್ಟು ಪಡೆಯುವ ಈ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹು ಹಳೆಯದು. ಮುಂಗಡವು ಮೈಯನ್ನು ಒತ್ತೆಯಿಡಿಸಿಕೊಳ್ಳುತ್ತದೆ. ಕೈಗಡವು ಮಾತನ್ನು ಮಾತ್ರ ನಂಬುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ ಸಾಹುಕಾರನ ಸಾಲಕ್ಕೆ ಪರ್ಯಾಯವಾಗಿ ನಿಂತುದು ಇಂತಹ ನಂಬಿಕೆಯೇ. ಪ್ರತಿ ಹಳ್ಳಿಯ ಭಕ್ತಮಂಡಳಿಯು ಜಾತ್ರೆಯ ಅಲಂಕಾರಕ್ಕೆ, ಪಟಾಕಿಗೆ ವೆಚ್ಚ ಮಾಡುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ದಸರೆಯಿಂದ ಸಂಕ್ರಾಂತಿಯವರೆಗಿನ ಕಷ್ಟದ ದಿನಗಳಲ್ಲಿ ಯಾವ ಕೇರಿಯವರಿಗಾದರೂ ಬಡ್ಡಿಯಿಲ್ಲದೆ ಕೊಡುವ ನಿಧಿಯನ್ನು ಮಾಡಬಹುದು. ಲೆಕ್ಕವನ್ನು ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ನೋಡಿಕೊಂಡರೆ ಇನ್ನೂ ಉತ್ತಮ. ಐದು ಸಾವಿರ ರೂಪಾಯಿ ಸಕಾಲದಲ್ಲಿ ದೊರೆತರೆ ಐವತ್ತು ಸಾವಿರದ ಮುಂಗಡದ ಬಲೆಯಿಂದ ಒಂದು ಮನೆ ಉಳಿಯಬಹುದು. ಕಲಬುರಗಿಯ ಶರಣಬಸವೇಶ್ವರರು ಸ್ವತಃ ಅರಳಗುಂಡಗಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಊರು ಬಿಟ್ಟು ಬಂದು, ಈ ನಗರವನ್ನೇ ದಾಸೋಹದ ನೆಲೆಯಾಗಿಸಿದವರು. ಅವರ ನಗರದಲ್ಲಿ ದಾಸೋಹವೆಂದರೆ ಅನ್ನ ನೀಡುವುದಷ್ಟೇ ಆಗಬಾರದು. ಅನ್ನಕ್ಕಾಗಿ ಮೈಯನ್ನು ಒತ್ತೆಯಿಡದಂತೆ ಕಾಯುವುದೂ ದಾಸೋಹವೇ.

ಅಂತಹ ಕೈಗಡ ಇದ್ದ ಊರಿನಲ್ಲಿಯೂ ಕೆಲವರು ಪುಣೆಗೆ ಹೋಗುತ್ತಾರೆ, ಕೆಲವರು ಕಲಬುರಗಿಯ ಬಸ್ಸು ಹತ್ತುತ್ತಾರೆ, ಕೆಲವರು ಊರಿನಲ್ಲಿಯೇ ನಿಲ್ಲುತ್ತಾರೆ. ಹೋಗಲಿ, ಇರಲಿ, ಮರಳಲಿ. ಆ ನಿರ್ಧಾರ ಗಂಡ-ಹೆಂಡತಿ ಇಬ್ಬರೂ ಕೂಡಿ, ಯಾರ ಹಂಗೂ ಇಲ್ಲದೆ, ಮಕ್ಕಳ ಮುಖ ನೋಡಿ ಮಾಡಿದುದಾಗಿರಲಿ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಲು ಊರಿಗೆ ಬರಬೇಕೆನ್ನುವವನು ಯಾರ ಅಪ್ಪಣೆಯನ್ನೂ ಕೇಳದೆ ಬರುವಂತಾದರೆ, ಅಂದು ಅವನ ಕಾಯಕವು ಶರಣರು ಬಯಸಿದ ಕಾಯಕವಾಗುತ್ತದೆ.